ಹಗೇವಿನ ಜೋಳ ಮತ್ತು ಕರಗುವ ಪ್ಲಾಸ್ಟಿಕ್

(ನಮ್ಮ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭಗಳಲ್ಲಿ ಮಾತಿಗೆ ನಿಂತವರು 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಥೆಯಿಂದ ಆರಂಭಿಸುವುದು ರೂಢಿ. ನನಗಿಂತ ಮೊದಲು ಮಾತಾಡಿದ ಇಬ್ಬರು ಅದನ್ನು ಚೆನ್ನಾಗಿ ಹೇಳಿದ್ದಾರೆ. ಹೀಗಾಗಿ ನಾನು ನೇರವಾಗಿ ನಮ್ಮ ಸಂಘದ ಬಾಗಿಲಿಗೆ ಬಂದು ನಿಂತಿರುವ ಒಂದು ಪ್ರಶ್ನೆಗೆ ಬರುತ್ತೇನೆ.

ಉಗಾದಿಗಿಂತ ಮುಂಚೆ ಒಬ್ಬ ವ್ಯಾಪಾರಿ ನಮ್ಮ ಸಂಘಕ್ಕೆ ಬಂದಿದ್ದರು. ಕೈಯಲ್ಲಿ ಕಪ್ಪು ಹಾಳೆಯ ಒಂದು ಸುರುಳಿ. ಕಲ್ಲಂಗಡಿ, ಮೆಣಸಿನಕಾಯಿ ಮಡಿಗಳ ಮೇಲೆ ಹಾಸುತ್ತೇವಲ್ಲ, ಆ ಮಲ್ಚಿಂಗ್ ಹಾಳೆಯಂಥದೇ. ಅವರು ಹೇಳಿದ್ದು ಮೂರು ಮಾತು. ಇದು ಗಿಡದಿಂದ ಮಾಡಿದ್ದು, ಇದರೊಳಗೆ ಕಿಣ್ವ ಸೇರಿಸಿದ್ದಾರೆ, ಬೆಳೆ ಮುಗಿದ ಮೇಲೆ ತೆಗೆಯುವುದೇ ಬೇಡ, ಮಣ್ಣಿನಲ್ಲೇ ಕರಗುತ್ತದೆ. ಬೆಲೆ ಮಾತ್ರ ಸಾದಾ ಹಾಳೆಗಿಂತ ಬಹಳ ಹೆಚ್ಚು. ಸಂಘವೇ ಒಟ್ಟಿಗೆ ಕೊಂಡು ಸದಸ್ಯರಿಗೆ ಸಾಲದ ಮೇಲೆ ಕೊಟ್ಟರೆ ಕಡಿಮೆ ಮಾಡುತ್ತೇವೆ ಎಂದರು. ಕಾರ್ಯದರ್ಶಿಗಳು ಒಂದು ತುಂಡು ಕತ್ತರಿಸಿ ನನ್ನ ಮನೆಗೆ ಕಳಿಸಿದರು. "ಗುರುಗಳೇ, ನೀವು ಸಾಲ್ಯಾಗ ವಿಜ್ಞಾನ ಹೇಳಿದವರು. ಇದು ಖರೇನೋ ಸುಳ್ಳೋ ನೋಡಿ ಹೇಳ್ರಿ" ಅಂತ ಚೀಟಿ ಬರೆದಿದ್ದರು. ಆ ಚೀಟಿಗೆ ಉತ್ತರವೇ ಈ ಭಾಷಣ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ನಾನೂ ಕಲ್ಲಂಗಡಿಗೆ ಸಾದಾ ಪ್ಲಾಸ್ಟಿಕ್ ಹಾಳೆ ಹಾಸಿದೆ. ಕಳೆ ಕಡಿಮೆಯಾಯಿತು, ನೀರು ಉಳಿಯಿತು, ಬೆಳೆಯೂ ಬಂತು. ಬೆಳೆ ತೆಗೆದ ಮೇಲೆ ಹಾಳೆ ಎತ್ತಲು ಆಳು ಸಿಗಲಿಲ್ಲ. ಅರ್ಧ ಎತ್ತಿ ಹೊಲದ ಬದುವಿಗೆ ಸುಟ್ಟೆ, ಇನ್ನರ್ಧ ಹರಿದು ಹೋಗಿದ್ದನ್ನು ಹಾಗೆಯೇ ರಂಟೆ ಹೊಡೆಸಿದೆ. ಇವತ್ತಿಗೂ ಕುಂಟೆ ಹೊಡೆದಾಗ ಕಪ್ಪು ಚಿಂದಿ ಕುಂಟೆಗೆ ಸಿಕ್ಕಿ ಬರುತ್ತದೆ. ನಮ್ಮ ಎರೆಮಣ್ಣಿನ ಬಣ್ಣ, ಅದರ ಬಣ್ಣ ಒಂದೇ ಆದದ್ದರಿಂದ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಇನ್ನು ಕ್ಯಾರಿಬ್ಯಾಗಿನ ಮಾತು ಬೇರೆ ಹೇಳಬೇಕಾಗಿಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಮುಗಿದ ಮರುದಿನ ಬೇಲಿಗಳನ್ನು ನೋಡಿದವರಿಗೆ ಗೊತ್ತು. ನಮ್ಮ ಓಣಿಯಲ್ಲೇ ಒಂದು ಎಮ್ಮೆ ಮೇವು ಬಿಟ್ಟು, ಹೊಟ್ಟೆ ಉಬ್ಬಿ ಸತ್ತಿತು. ಹೊಟ್ಟೆ ಕೊಯ್ದಾಗ ಪ್ಲಾಸ್ಟಿಕ್ಕಿನ ಗಂಟೇ ಬಂತು. ಆ ಎಮ್ಮೆ ಸಂಘದ ಸಾಲದಲ್ಲಿ ಕೊಂಡದ್ದು. ಎಮ್ಮೆ ಹೋಯಿತು, ಕಂತು ಉಳಿಯಿತು.

ಕರ್ನಾಟಕ ಸರಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕ್ಯಾರಿಬ್ಯಾಗು, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರಕಾರವೂ ಒಮ್ಮೆ ಬಳಸಿ ಬಿಸಾಡುವ ಹಲವು ಸಾಮಾನುಗಳನ್ನು ದೇಶದ ತುಂಬ ನಿಲ್ಲಿಸಿತು. ಕಾಯಿದೆ ಬಂದ ಮೇಲೆ "ಕರಗುವ ಪ್ಲಾಸ್ಟಿಕ್" ಎಂಬ ಹೆಸರಿನ ಸರಕು ಊರೂರಿಗೆ ಬರುತ್ತಿದೆ. ಅದರಲ್ಲಿ ಒಳ್ಳೆಯದೂ ಇದೆ, ಖೋಟಾ ಸರಕೂ ಇದೆ. ಎರಡನ್ನೂ ಬೇರೆ ಮಾಡಬೇಕಾದರೆ ಕಿಣ್ವ ಅಂದರೇನು ಎಂದು ತಿಳಿಯಬೇಕು.

ಕಿಣ್ವಕ್ಕೆ ಇಂಗ್ಲಿಷಿನಲ್ಲಿ ಎಂಜೈಮ್ ಅನ್ನುತ್ತಾರೆ. ಹೆಸರು ಹೊಸದು, ಕೆಲಸ ನಮಗೆ ಹಳೆಯದು. ಹಿರಿಯರಿಗೆ ಹಗೇವು ನೆನಪಿರಬಹುದು. ನೆಲದೊಳಗೆ ಹಗೇವು ತೋಡಿ, ಹುಲ್ಲು ಹಾಸಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ನೀರು ತಾಗದಿದ್ದರೆ ಆ ಜೋಳ ವರ್ಷಗಟ್ಟಲೆ ಸುಮ್ಮನೆ ಕೂಡುತ್ತಿತ್ತು. ಅಕಸ್ಮಾತ್ ನೀರು ಇಳಿಯಿತೋ, ಕಾಳು ಮೊಳೆತು ಬಿಡುತ್ತಿತ್ತು. ಮೊಳೆತ ಜೋಳ ಬಾಯಿಗೆ ಹಾಕಿಕೊಂಡರೆ ಸಿಹಿ. ಯಾಕೆ ಸಿಹಿ? ಕಾಳಿನ ತುಂಬ ಇರುವುದು ಪಿಷ್ಟ. ಪಿಷ್ಟವೆಂದರೆ ಸಕ್ಕರೆಯ ಸಣ್ಣ ಕೊಂಡಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಪೋಣಿಸಿದ ಉದ್ದ ಸರಪಳಿ. ಇಂಥ ಸರಪಳಿಗೇ ಪಾಲಿಮರ್ ಎಂದು ಹೆಸರು. ನೀರು ಕುಡಿದ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ, ಆ ಸರಪಳಿಯನ್ನು ಒಳಗಿನಿಂದಲೇ ಕತ್ತರಿಸುತ್ತದೆ. ಸರಪಳಿ ಬಿಚ್ಚಿದರೆ ಸಕ್ಕರೆ, ಅದೇ ಮೊಳಕೆಗೆ ಊಟ. ಗಿಡದ ಪಾಲಿಮರಿನ ಒಳಗೇ ಅದನ್ನು ತಿನ್ನುವ ಕಿಣ್ವ, ನೀರು ಬರುವ ತನಕ ಕೆಲಸ ಬಂದ್. ಇವತ್ತು ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಪ್ಲಾಸ್ಟಿಕ್ಕಿಗೆ ಕಲಿಸಲು ಹೊರಟಿರುವುದು ಈ ಜೋಳದ ಕಾಳಿನ ವಿದ್ಯೆಯನ್ನೇ. ಒಂದು ವ್ಯತ್ಯಾಸ ಇದೆ. ಕಾಳು ಜೀವಂತ ವಸ್ತು, ತನಗೆ ಬೇಕಾದಾಗ ಕಿಣ್ವ ಮಾಡಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ನಾವೇ ಮೊದಲು ಮಾಡಿ ತುಂಬಬೇಕು.

ಮಟನ್ ಬೇಗ ಬೇಯಲಿ ಎಂದು ಹಸಿ ಪಪ್ಪಾಯಿ ಹಾಕುವ ತಾಯಂದಿರು ಇಲ್ಲಿ ಇದ್ದೀರಿ. ಪಪ್ಪಾಯಿ ಕಾಯಿಯ ಹಾಲಿನಲ್ಲಿ ಪಪೇಯ್ನ್ ಎಂಬ ಕಿಣ್ವ ಇದೆ, ಅದು ಮಾಂಸದ ಸರಪಳಿ ಕತ್ತರಿಸುತ್ತದೆ. ಇದೇ ಪಪ್ಪಾಯಿ ಹಾಲಿನಿಂದ ನಮ್ಮ ರಾಜ್ಯದಲ್ಲಿ ಒಂದು ದೊಡ್ಡ ಉದ್ಯಮ ಹುಟ್ಟಿತು. 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಅವರು ಐರ್ಲೆಂಡಿನ ಒಂದು ಕಂಪನಿಯ ಜೊತೆ ಸೇರಿ ಬಾಡಿಗೆ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿದಾಗ ಮಾಡಿದ ಮೊದಲ ಸರಕುಗಳಲ್ಲಿ ಈ ಪಪೇಯ್ನ್ ಒಂದು. ಅದನ್ನು ಅಮೆರಿಕ, ಯುರೋಪಿಗೆ ಕಳಿಸಿದರು. ಆ ಕಂಪನಿ ಮುಂದೆ ಔಷಧದ ಕಡೆ ಹೊರಳಿ, 2007ರಲ್ಲಿ ಕಿಣ್ವದ ವ್ಯಾಪಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು. ರೈತನ ತೋಟದ ಕಾಯಿಯ ಹಾಲು ವಿದೇಶಕ್ಕೆ ಹೋದ ಕಥೆ ಇದು. ನಮ್ಮ ಹುಡುಗರು ಪಾಠದಲ್ಲಿ ಓದಬೇಕಾದದ್ದು, ಆದರೆ ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಯಾರೂ ಓದುವುದಿಲ್ಲ.

ಒಂದು ಕಿಣ್ವ ಒಂದೇ ಕೀಲಿಗೆ ಹೊಂದುವ ಕೀಲಿಕೈ ಇದ್ದ ಹಾಗೆ. ಪಪ್ಪಾಯಿಯ ಕಿಣ್ವ ಮಾಂಸ ಕತ್ತರಿಸುತ್ತದೆ, ಜೋಳದ ಪಿಷ್ಟಕ್ಕೆ ಅದು ಉಪಯೋಗವಿಲ್ಲ. ಮತ್ತೊಂದು ಗುಣ, ಬೆಂಕಿ ಅದಕ್ಕೆ ಆಗದು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಆಗುತ್ತದೆಯೇ? ಹೆಪ್ಪಿನ ಜೀವಾಣು ಸಾಯುತ್ತದೆ. ಕಿಣ್ವ ಜೀವಾಣುವಲ್ಲ, ಒಂದು ಬಗೆಯ ಪ್ರೋಟೀನು, ಆದರೆ ಕಾವು ಹೆಚ್ಚಾದರೆ ಅದರ ಆಕಾರವೂ ಕೆಟ್ಟು ಕೆಲಸ ನಿಲ್ಲುತ್ತದೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಿಣ್ವವನ್ನು ಗಿಡದ ವಸ್ತುವಿನಲ್ಲಿ ಕೂಡಿಸಿ ಇಡುವುದು ಹೊಸದೇನಲ್ಲ. 1956ರಲ್ಲಿ ಅಮೆರಿಕದ ಏಮ್ಸ್ ಕಂಪನಿ ಕ್ಲಿನಿಸ್ಟಿಕ್ಸ್ ಎಂಬ ಕಾಗದದ ಪಟ್ಟಿ ತಂದಿತು. ಕಾಗದವೆಂದರೆ ಗಿಡದ ನಾರು, ಸೆಲ್ಯುಲೋಸ್. ಅದಕ್ಕೆ ಗ್ಲೂಕೋಸ್ ಆಕ್ಸಿಡೇಸ್ ಮೊದಲಾದ ಕಿಣ್ವ ಹಚ್ಚಿ ಒಣಗಿಸಿರುತ್ತಾರೆ. ಮೂತ್ರದಲ್ಲಿ ಅದ್ದಿದರೆ, ಸಕ್ಕರೆ ಇದ್ದರೆ ಬಣ್ಣ ತಿರುಗುತ್ತದೆ. ಇವತ್ತು ಬೆರಳಿನ ರಕ್ತದ ಹನಿ ಹಾಕಿ ಶುಗರ್ ನೋಡುವ ಪಟ್ಟಿ ಇದರ ಮೊಮ್ಮಗ. ಆ ಪಟ್ಟಿಯ ಡಬ್ಬಿಯನ್ನು ಯಾಕೆ ಬಿಗಿಯಾಗಿ ಮುಚ್ಚಿಡಿ ಅನ್ನುತ್ತಾರೆ, ಯಾಕೆ ಅದಕ್ಕೆ ಅವಧಿಯ ತಾರೀಖು ಇರುತ್ತದೆ? ಒಳಗೆ ಕಿಣ್ವ ಇರುವುದರಿಂದ. ತೇವ ತಾಗಿದರೆ ಕೆಡುತ್ತದೆ. ಹಾಗಾದರೆ ಕಿಣ್ವ ತುಂಬಿದ ಹಾಳೆಯ ಸುರುಳಿಗಳನ್ನು ಮಳೆಗಾಲದಲ್ಲಿ ಗೋದಾಮಿನಲ್ಲಿ ಇಟ್ಟರೆ? ಯೂರಿಯಾ ಮೂಟೆಯೇ ಗಟ್ಟಿಯಾಗುವುದನ್ನು ನಾವು ನೋಡಿಲ್ಲವೇ? ಇದು ವ್ಯಾಪಾರಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ.

ಇನ್ನು ಗಿಡದ ಪ್ಲಾಸ್ಟಿಕ್ ಅಂದರೆ ಯಾವುದು? ಇವತ್ತು ಮುಖ್ಯವಾದದ್ದು ಪಾಲಿಲ್ಯಾಕ್ಟಿಕ್ ಆಮ್ಲ, ಚಿಕ್ಕದಾಗಿ ಪಿಎಲ್‌ಎ. ಮೊಸರಿನ ಹುಳಿಗೆ ಕಾರಣ ಲ್ಯಾಕ್ಟಿಕ್ ಆಮ್ಲ. 1780ರಲ್ಲಿ ಸ್ವೀಡನ್ನಿನ ಶೀಲೆ ಎಂಬ ವಿಜ್ಞಾನಿ ಹುಳಿತ ಹಾಲಿನಿಂದಲೇ ಅದನ್ನು ಬೇರ್ಪಡಿಸಿದ. ಕಬ್ಬಿನ ಸಕ್ಕರೆಗೋ ಗೋವಿನಜೋಳದ ಸಕ್ಕರೆಗೋ ಮೊಸರಿನ ಬಳಗದ ಜೀವಾಣು ಸೇರಿಸಿ ಹುಳಿಸುತ್ತಾರೆ. ಬಂದ ಹುಳಿಯನ್ನು ಶುದ್ಧ ಮಾಡಿ, ಕೊಂಡಿಗೆ ಕೊಂಡಿ ಸೇರಿಸಿ ಉದ್ದ ಸರಪಳಿ ಮಾಡಿದರೆ ಗಟ್ಟಿ ಪ್ಲಾಸ್ಟಿಕ್. ಒಂದು ಕಿಲೋ ಪಿಎಲ್‌ಎಗೆ ಸುಮಾರು 1.6 ಕಿಲೋ ಸಕ್ಕರೆ ಬೇಕು. ನೂರಕ್ಕೆ ಹತ್ತು ಇಳುವರಿ ಹಿಡಿದರೆ 16 ಕಿಲೋ ಕಬ್ಬು. ಒಂದು ಟನ್ ಕಬ್ಬಿಗೆ 60 ಕಿಲೋದಷ್ಟು ಎಂದು ಲೆಕ್ಕ ಹಾಕಿಕೊಳ್ಳಿ.

ಕಬ್ಬಿನ ಮಾತು ಬಂದ ಕೂಡಲೇ ಹಿಂದಿನ ಸಾಲಿನಲ್ಲಿ ಕೂತವರು ಎದ್ದು ಕೂತಿರಿ. ಗೊತ್ತು. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆಗೆ ಬಂಡಿಗಟ್ಟಲೆ ಕಬ್ಬು ಹೊತ್ತ ಊರು ನಮ್ಮದು. ಥಾಯ್ಲೆಂಡಿನ ರಯೊಂಗಿನಲ್ಲಿ 2018ರಿಂದ ಕಬ್ಬಿನ ಸಕ್ಕರೆಯಿಂದ ವರ್ಷಕ್ಕೆ 75,000 ಟನ್ ಪಿಎಲ್‌ಎ ಮಾಡುವ ಕಾರ್ಖಾನೆ ಇದೆ. ನಮ್ಮ ದೇಶದಲ್ಲೂ ಬಲರಾಂಪುರ ಚೀನಿ ಮಿಲ್ಸ್ ಉತ್ತರ ಪ್ರದೇಶದ ಕುಂಭಿಯಲ್ಲಿ ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲೇ ಇಂಥದೊಂದು ಕಟ್ಟುವುದಾಗಿ 2024ರಲ್ಲಿ ಪ್ರಕಟಿಸಿತು. ಅದರ ಬಂಡವಾಳ ಸಾವಿರಾರು ಕೋಟಿ. ಹೀಗಾಗಿ "ನಮ್ಮ ಸಂಘವೇ ಯಾಕೆ ಮಾಡಬಾರದು" ಎಂದು ಯಾರೂ ಈಗಲೇ ಠರಾವು ಬರೆಯಬೇಡಿ. ಆದರೆ ಕಬ್ಬಿನಿಂದ ಸಕ್ಕರೆ, ಬೆಲ್ಲ, ಸ್ಪಿರಿಟ್ ಬಿಟ್ಟು ನಾಲ್ಕನೆಯ ದಾರಿಯೂ ಇದೆ ಎಂಬುದು ಬೆಳೆಗಾರನ ಕಿವಿಯಲ್ಲಿ ಇರಬೇಕು.

ಗಿಡದಿಂದ ಬಂದದ್ದು ಅಂದ ಮೇಲೆ ತಾನೇ ಕೊಳೆಯುತ್ತದೆ ಎಂದು ನಾವು ತಿಳಿಯುತ್ತೇವೆ. ಮೋಸ ಹೋಗುವುದು ಇಲ್ಲಿಯೇ. ಪಿಎಲ್‌ಎ ಸುಲಭಕ್ಕೆ ಕೊಳೆಯುವುದಿಲ್ಲ. 55ರಿಂದ 60 ಡಿಗ್ರಿ ಕಾವಿನಲ್ಲಿ ಅದು ಮೆತ್ತಗಾಗುತ್ತದೆ, ಆಗ ನೀರು ಮತ್ತು ಜೀವಾಣು ಒಳಗೆ ಹೋಗಿ ಸರಪಳಿ ಕಡಿಯುತ್ತವೆ. ಅಷ್ಟು ಕಾವು ತಿಂಗಳುಗಟ್ಟಲೆ ಕಾಯ್ದುಕೊಳ್ಳುವುದು ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ. ನಮ್ಮ ಹೊಲದ ಮಣ್ಣಿನಲ್ಲಿ, ಕೆರೆಯ ನೀರಿನಲ್ಲಿ ಅದು ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಮಣ್ಣಿನಲ್ಲಿ ಅದನ್ನು ತಿನ್ನಬಲ್ಲ ಜೀವಾಣುಗಳೂ ವಿರಳ. ಕೀಲಿ ಇದೆ, ಕೀಲಿಕೈ ಇಲ್ಲ. ಹಾಗಾದರೆ ಕೀಲಿಕೈಯನ್ನು ಪ್ಲಾಸ್ಟಿಕ್ಕಿನ ಒಳಗೇ ಇಟ್ಟು ಕಳಿಸಿದರೆ ಹೇಗೆ?

ಹೇಳುವುದು ಸುಲಭ. ಪಿಎಲ್‌ಎ ಕರಗಿಸಿ ಹಾಳೆ ಎಳೆಯಬೇಕಾದರೆ 160 ಡಿಗ್ರಿ ಮೇಲೆ ಕಾವು ಬೇಕು. ಕುದಿಯುವ ನೀರೇ 100 ಡಿಗ್ರಿ. ಆ ಕಾವಿನಲ್ಲಿ ಕಿಣ್ವ ಉಳಿಯಬೇಕಲ್ಲ? ಹೆಪ್ಪಿನ ಮಾತು ನೆನಪಿಡಿ ಅಂದದ್ದು ಇದಕ್ಕೇ.

2021ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಟಿಂಗ್ ಷೂ ಎಂಬ ಮಹಿಳೆಯ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ದಾರಿ ತೋರಿಸಿತು. ಕಿಣ್ವದ ಒಂದೊಂದು ಕಣಕ್ಕೂ ಬೇರೊಂದು ಪಾಲಿಮರಿನ ಹೊದಿಕೆ ಸುತ್ತಿ, ಪ್ಲಾಸ್ಟಿಕ್ಕಿನ ತುಂಬ ಸಮನಾಗಿ ಹರಡಿದರು. ಹಾಗೆ ಮಾಡಿದ ಪಿಎಲ್‌ಎ 50 ಡಿಗ್ರಿ ಕಾವಿನಲ್ಲಿ ವಾರದೊಳಗೆ ಬಿಚ್ಚಿಕೊಂಡಿತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಿಣ್ವ ಬರೀ ಮೇಲ್ಮೈಯಲ್ಲಿ ಇದ್ದರೆ ಪ್ಲಾಸ್ಟಿಕ್ ತುಂಡು ತುಂಡಾಗುತ್ತದೆ, ತುಂಡು ಹಾಗೇ ಉಳಿಯುತ್ತದೆ. ಒಳಗೆಲ್ಲ ಹರಡಿದ್ದರೆ ಸರಪಳಿಯನ್ನು ತುದಿಯಿಂದ ಹಿಡಿದು ಬಿಚ್ಚುತ್ತಾ ಹೋಗುತ್ತದೆ, ಕೊನೆಗೆ ಸಣ್ಣ ಕೊಂಡಿಗಳಷ್ಟೇ ಉಳಿಯುತ್ತವೆ. ಹರಿದು ಚಿಂದಿಯಾಗುವುದು ಬೇರೆ, ಕರಗುವುದು ಬೇರೆ.

ಆದರೆ 50 ಡಿಗ್ರಿ ನಮ್ಮ ತಿಪ್ಪೆಗೆ ಎಲ್ಲ ಕಾಲದಲ್ಲೂ ಇರುವುದಿಲ್ಲ. 2024ರಲ್ಲಿ ಫ್ರಾನ್ಸಿನ ಕಾರ್ಬಿಯೋಸ್ ಎಂಬ ಕಂಪನಿಯ ವಿಜ್ಞಾನಿಗಳು ಅದೇ 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ಹೆಜ್ಜೆ ಬರೆದರು. ಮೊದಲು ಕಿಣ್ವವನ್ನೇ ತಿದ್ದಿ, ಕಾವು ತಡೆಯುವಂತೆ ಮಾಡಿದರು. ನಂತರ 70 ಡಿಗ್ರಿಯಲ್ಲೇ ಕರಗುವ ಇನ್ನೊಂದು ಮೆತ್ತನೆಯ ಪಾಲಿಮರಿನಲ್ಲಿ ಅದನ್ನು ಕಲಸಿ ಗುಳಿಗೆ ಮಾಡಿಕೊಂಡರು. ಆ ಗುಳಿಗೆಗಳನ್ನು 160 ಡಿಗ್ರಿಯ ಪಿಎಲ್‌ಎಗೆ ಸೇರಿಸಿದರು. ಬಿಸಿ ಪಾಕಕ್ಕೆ ನೇರವಾಗಿ ಹಾಕದೆ, ಬೇರೆ ಪಾತ್ರೆಯಲ್ಲಿ ಹದ ಮಾಡಿ ಸೇರಿಸಿದ ಹಾಗೆ. ಬೇಕಾದ ಕಿಣ್ವ ಎಷ್ಟು? ನೂರಕ್ಕೆ 0.02 ಪಾಲು. ನಮ್ಮ ಲೆಕ್ಕದಲ್ಲಿ ಒಂದು ಕ್ವಿಂಟಾಲ್ ಪ್ಲಾಸ್ಟಿಕ್ಕಿಗೆ 20 ಗ್ರಾಂ! ಅಷ್ಟರಿಂದ ಆ ಹಾಳೆ ಮನೆಯ ಕಾಂಪೋಸ್ಟ್ ಗುಂಡಿಯಂಥ ಸಾದಾ ಕಾವಿನಲ್ಲಿ 20ರಿಂದ 24 ವಾರಗಳಲ್ಲಿ ಪೂರ್ತಿ ಬಿಚ್ಚಿಕೊಂಡಿತು. ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಅಂದರೆ ವ್ಯಾಪಾರಿ ಹೇಳಿದ್ದು ಆಗದ ಮಾತಲ್ಲ. ಗಿಡದ ಪ್ಲಾಸ್ಟಿಕ್ಕಿನೊಳಗೆ ಕಿಣ್ವ ಕೂಡಿಸುವುದು ಖರೆ.

ಇಷ್ಟಾದರೂ ಎಮ್ಮೆಯ ವಿಷಯಕ್ಕೆ ಇದು ಮದ್ದಲ್ಲ. ಐದು ತಿಂಗಳು ಗುಂಡಿಯಲ್ಲಿ ಬೇಕಾಗುವ ಹಾಳೆ ಎಮ್ಮೆಯ ಹೊಟ್ಟೆಯಲ್ಲಿ ಐದು ತಿಂಗಳು ಕೂತರೆ ಎಮ್ಮೆ ಉಳಿಯುತ್ತದೆಯೇ? ಅದಕ್ಕೆ ಬಟ್ಟೆಯ ಕೈಚೀಲವೇ ಸರಿ. ನಮ್ಮ ಅವ್ವಂದಿರು ಹಳೆ ಸೀರೆಯಲ್ಲಿ ಹೊಲಿಯುತ್ತಿದ್ದರು, ಅದಕ್ಕೆ ಯಾವ ವಿಜ್ಞಾನಿಯೂ ಬೇಕಾಗಿರಲಿಲ್ಲ.

ಈಗ ನಮ್ಮ ಮುಂದಿರುವ ಸುರುಳಿಗೆ ಬರೋಣ. ನಾನು ಆ ವ್ಯಾಪಾರಿಗೆ ಫೋನು ಮಾಡಿ ಮೂರು ಪ್ರಶ್ನೆ ಕೇಳಿದೆ. ಇದು ಯಾವ ಪಾಲಿಮರು? ಯಾವ ಕಿಣ್ವ? ಎಷ್ಟು ಕಾವಿನಲ್ಲಿ, ಎಷ್ಟು ದಿನಕ್ಕೆ ಕರಗುತ್ತದೆ? "ಕಿಣ್ವ ಅಂದ್ರ ಕಿಣ್ವಾರೀ ಸರ್, ಫಾರೆನ್ನಿಂದ ಬರ್ತದ" ಅಂದರು. ನಾನು ಕೋಪ ಮಾಡಿಕೊಳ್ಳಲಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರು. ಆದರೆ ಬೀಜದ ಚೀಟಿ ನೋಡದೆ ಬೀಜ ಕೊಳ್ಳದ ನಾವು ಇದನ್ನು ಹೇಗೆ ಕೊಳ್ಳುವುದು?

ಉಗಾದಿ ಮರುವಾರ ನಮ್ಮ ತಿಪ್ಪೆಯಲ್ಲಿ ನಾಲ್ಕು ತುಂಡು ಹೂತೆ. ಉಳ್ಳಾಗಡ್ಡಿಯ ಜಾಳಿಗೆ ಚೀಲದಲ್ಲಿ ಒಂದೊಂದನ್ನೇ ಬೇರೆ ಬೇರೆ ಕಟ್ಟಿ, ಸಗಣಿಯ ನಡುವೆ. ಒಂದು ವ್ಯಾಪಾರಿಯ ಹಾಳೆ. ಒಂದು ಸಾದಾ ಕ್ಯಾರಿಬ್ಯಾಗು. ಒಂದು ಹಳೆ ಪತ್ರಿಕೆ. ಇನ್ನೊಂದು ನನ್ನ ಮಗ ಬೆಂಗಳೂರಿನಿಂದ ತಂದ, 'ಕಂಪೋಸ್ಟೆಬಲ್' ಎಂದು ಅಚ್ಚು ಇದ್ದ ಚೀಲ. ನಾಗರ ಪಂಚಮಿಗೆ ತೆಗೆದೆ. ಪತ್ರಿಕೆಯ ಗುರುತೇ ಇಲ್ಲ. ಸಾದಾ ಕ್ಯಾರಿಬ್ಯಾಗು ತೊಳೆದರೆ ಹೊಸದರಂತೆ ಹೊಳೆಯಿತು. ಬೆಂಗಳೂರಿನ ಚೀಲ ಅಲ್ಲಲ್ಲಿ ತೂತು ಬಿದ್ದು ಅಂಟಂಟಾಗಿತ್ತು, ಹಿಡಿಕೆ ಮಾತ್ರ ಇನ್ನೂ ಗಟ್ಟಿ. ವ್ಯಾಪಾರಿಯ ಹಾಳೆ ಚೀಲದೊಳಗೆ ಪುಡಿ ಪುಡಿ ಆಗಿತ್ತು. ನೋಡಿದ ಕೂಡಲೇ ನಮ್ಮ ಮನೆಯವರು "ಕರಗೇ ಬಿಟ್ಟದ ನೋಡ್ರಿ" ಅಂದರು. ಜರಡಿಗೆ ಹಾಕಿ ನೀರು ಬಿಟ್ಟೆ. ಸಗಣಿ ಹೋಯಿತು. ಜರಡಿಯ ಮೇಲೆ ಕಪ್ಪು ಚೂರುಗಳು, ಉಗುರಿನಷ್ಟು, ಎಳ್ಳಿನಷ್ಟು, ಹಾಗೆಯೇ ಕೂತಿದ್ದವು.

ಒಂದು ತಿಪ್ಪೆ, ಒಂದು ತುಂಡು. ಇದರಿಂದ ತೀರ್ಪು ಕೊಡಲಾಗದು ಎಂದು ನನಗೂ ಗೊತ್ತು. ಆದರೆ ಜರಡಿ ಹಿಡಿಯುವುದು ನನ್ನ ಹುಚ್ಚಾಟವಲ್ಲ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ನಮ್ಮ ದೇಶದ ಮಾನದಂಡ ಐಎಸ್/ಐಎಸ್ಓ 17088. ಅದರ ಪ್ರಕಾರ ಬಿಸಿ ಕಾಂಪೋಸ್ಟಿನಲ್ಲಿ 12 ವಾರ ಇಟ್ಟ ಮೇಲೆ 2 ಮಿಲಿಮೀಟರ್ ಜರಡಿಯ ಮೇಲೆ ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಉಳಿಯಬಾರದು, ಮತ್ತು 180 ದಿನದೊಳಗೆ ಅದರ ಇಂಗಾಲದ ನೂರಕ್ಕೆ ತೊಂಬತ್ತು ಪಾಲು ಜೀವಾಣುಗಳ ಬಾಯಿಗೆ ಹೋಗಿ ಗಾಳಿಯಾಗಬೇಕು. ಚೂರಾಗುವುದಷ್ಟೇ ಸಾಲದು. ಚೂರಾಗುವುದನ್ನೇ ಕರಗುವುದೆಂದು ಹೇಳಿ ಮಾರುವ ಪ್ಲಾಸ್ಟಿಕ್ ಬೇರೆಯೇ ಇದೆ. ಸಾದಾ ಪ್ಲಾಸ್ಟಿಕ್ಕಿಗೆ ಒಂದು ಬಗೆಯ ಲೋಹದ ಉಪ್ಪು ಬೆರೆಸಿ ಬಿಸಿಲಿಗೆ ಹರಿಯುವಂತೆ ಮಾಡಿದ್ದು. ಯುರೋಪಿನ ದೇಶಗಳು ಅದನ್ನು 2021ರಲ್ಲಿ ನಿಲ್ಲಿಸಿದವು. ಚಿಂದಿ ಕೈಗೆ ಸಿಗುತ್ತದೆ, ಎಳ್ಳಿನಷ್ಟು ಚೂರು ಯಾರ ಕೈಗೂ ಸಿಗುವುದಿಲ್ಲ. ಆ ಹೊಲದಲ್ಲಿ ನಾಳೆ ಶುಂಠಿ ಹಾಕುವವರು ನಮ್ಮ ಮಕ್ಕಳು.

ಬರುವ ವಾರ್ಷಿಕ ಸಭೆಯ ಮುಂದೆ ಈ ಖರೀದಿಯ ವಿಷಯ ಬರಲಿದೆ ಎಂದು ಕೇಳಿದ್ದೇನೆ. ಹೊಸದನ್ನು ಬೇಡವೇ ಬೇಡ ಎನ್ನುವ ಮುದುಕ ನಾನಲ್ಲ. ಹನಿ ನೀರಾವರಿ ಬಂದಾಗ ಪೈಪು ಎಳೆದವರಲ್ಲಿ ನಾನೂ ಮೊದಲಿಗ. ನನ್ನ ಅಭಿಪ್ರಾಯ ಇಷ್ಟು. ಇಡೀ ಊರಿಗೆ ಸಾಲದ ಮೇಲೆ ಹಂಚುವುದು ಈ ವರ್ಷ ಬೇಡ. ಕಾಂಪೋಸ್ಟ್ ಆಗುವ ಕ್ಯಾರಿಬ್ಯಾಗು ಮಾಡುವವರು, ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯಬೇಕೆಂದು 2016ರ ನಿಯಮವೇ ಹೇಳುತ್ತದೆ. ಹಾಳೆಗೂ ಅಂಥದೇ ಕಾಗದ, ಸಿಪೆಟ್‌ನಂಥ ಪ್ರಯೋಗಾಲಯದ ವರದಿ ಕೇಳೋಣ. ಅದರಲ್ಲಿ ಬಿಸಿ ಘಟಕದ ಕಾವೋ, ಮಣ್ಣಿನ ಕಾವೋ ಎಂಬುದನ್ನು ಬೆರಳಿಟ್ಟು ಓದೋಣ. ಕಾಗದ ಬಂದರೆ ಒಪ್ಪುವ ಇಬ್ಬರು ಸದಸ್ಯರ ಹೊಲದಲ್ಲಿ ಎರಡೆರಡು ಸಾಲು ಹಾಸಿ, ಮುಂದಿನ ಮುಂಗಾರಿನ ತನಕ ಕಾಯೋಣ. ಸೋತರೆ ಎರಡು ಸಾಲು ಸೋಲುತ್ತದೆ. ಸಾಲ ಮಾಡಿ ಸೋತರೆ ಊರೇ ಸೋಲುತ್ತದೆ, ವಸೂಲಿಗೆ ಬರುವವರೂ ನಮ್ಮವರೇ.

ಬೆಂಗಳೂರಿನ ಚೀಲವನ್ನೂ ವ್ಯಾಪಾರಿಯ ಹಾಳೆಯ ಚೂರುಗಳನ್ನೂ ಮತ್ತೆ ಜಾಳಿಗೆಯಲ್ಲಿ ಕಟ್ಟಿ ತಿಪ್ಪೆಗೆ ಹಾಕಿದ್ದೇನೆ. ದೀಪಾವಳಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ತೆಗೆಯುತ್ತೇನೆ. ವ್ಯಾಪಾರಿಗೂ ಬರಲು ಹೇಳಿ ಕಳಿಸಿದ್ದೇನೆ. ಬರುವವರು ಬನ್ನಿ, ಜರಡಿ ನಮ್ಮ ಮನೆಯದೇ ಇದೆ.